ಐತವಾರದ ಮನಿ

ಅನುರಾಧಾ ಬಾಣಂತನಕ್ಕೆಂದು ಬನಶಂಕರಿಯ ತವರಿಗೆ ಬಂದವಳು, ಮಗಳು ಬನಶ್ರೀಗೆ ಮೂರು ತುಂಬಿದರೂ ಗಂಡನ ಮನೆಗೆ ಮರಳಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಗಂಡ ಕಲ್ಲೇಶ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಅತ್ತೆ ತಾಯವ್ವ ಒಂದು ದಿನವೂ ಕೊಂಕು ಆಡಿದವಳಲ್ಲ. ಅವಳು ಹೋಗದೆ ಉಳಿದದ್ದಕ್ಕೆ ಕಾರಣ ಒಂದೇ. ಇಳಕಲ್ಲಿನ ಆ ಮನೆಯಲ್ಲಿ ಜಾಗವಿರಲಿಲ್ಲ.

ಒಂದೇ ಖೋಲಿಯ ಮನೆ. ಅದರ ಮುಕ್ಕಾಲು ಪಾಲು ಮಾವ ತಿಮ್ಮಣ್ಣನ ಮಗ್ಗದ್ದು. ಮಗ್ಗವೆಂದರೆ ಹಗಲು ಹಾಕಿ ಸಂಜೆ ಎತ್ತಿಡುವ ಸಾಮಾನಲ್ಲ. ನೇಯುವವನು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ತೆಗ್ಗು ತೋಡಿ, ಅದರ ಸುತ್ತ ಹೂಡಿದ್ದು. ಮಿಕ್ಕ ಜಾಗದಲ್ಲಿ ಒಲೆ, ನೀರಿನ ಕೊಡ, ಸುತ್ತಿಟ್ಟ ಹಾಸಿಗೆಗಳು, ಕಲ್ಲೇಶನ ಅಣ್ಣ ಮಹಾಂತೇಶ, ಅವನ ಹೆಂಡತಿ, ಅವರ ಮಕ್ಕಳು. ಮದುವೆಯಾದ ಹೊಸತರಲ್ಲಿ ಕಲ್ಲೇಶ ಹೊರಗೆ ಕಟ್ಟೆಯ ಮೇಲೆ ಮಲಗುತ್ತಿದ್ದ, ಅನುರಾಧಾ ಒಳಗೆ ಅತ್ತೆಯ ಮಗ್ಗುಲಿಗೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿದ್ದುದು ಚಹಾದ ಲೋಟ ಕೈ ಬದಲಾಗುವ ಹೊತ್ತಿನಲ್ಲಿ ಮಾತ್ರ. ಒಮ್ಮೆ ಮನೆಮಂದಿಯೆಲ್ಲ ಗಜೇಂದ್ರಗಡದ ಮದುವೆಗೆ ಹೋದರು. ಮಗ್ಗದ ಸದ್ದಿಲ್ಲದ ಆ ಕೆಲವು ದಿನ ಅವರಿಬ್ಬರೂ ಬಾಗಿಲು ಹಾಕಿಕೊಂಡು, ಹೊಟ್ಟೆ ತುಂಬ ಮಾತಾಡಿ, ಸುಮ್ಮಸುಮ್ಮನೆ ನಕ್ಕರು. ಬನಶ್ರೀ ಹುಟ್ಟಿದ್ದು ಆ ದಿನಗಳ ಪುಣ್ಯ.

ತೊಟ್ಟಿಲು ಎಲ್ಲಿ ಕಟ್ಟುವುದೆಂಬ ಪ್ರಶ್ನೆ ಬಂದಾಗ ತಾಯವ್ವನೇ, "ಕೂಸು ಸ್ವಲ್ಪ ದೊಡ್ಡದಾಗ್ಲಿ, ಅಲ್ಲೇ ಇರ್ಲಿ ಬಿಡು," ಎಂದಿದ್ದಳು. ಕೂಸು ದೊಡ್ಡದಾಯಿತು, ನಡೆಯಿತು, ಮಾತು ಕಲಿಯಿತು. ಮನೆ ದೊಡ್ಡದಾಗಲಿಲ್ಲ. ಕಲ್ಲೇಶ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಬಾಡಿಗೆ ಖೋಲಿ ಹಿಡಿದರೆ ಅಪ್ಪ ಅವ್ವನ ಒಲೆಗೆ ಏನೂ ಉಳಿಯದು. ಎರಡು ಸಲ ಹಿಡಿದು, ಅವಳು ಬರುವ ಮೊದಲೇ ಎರಡೂ ಸಲ ಬಿಟ್ಟಿದ್ದ; ಆ ನಾಚಿಕೆಗೆ ಬನಶಂಕರಿಗೂ ಅಪರೂಪಕ್ಕೆ ಬರುತ್ತಿದ್ದ.

ಅನುರಾಧಾ ತನ್ನ ಅವ್ವನ ಜೊತೆ ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ, ಮೊಸರು, ಶೇಂಗಾ ಚಟ್ನಿ, ಕೆಂಪು ಖಾರ ಬುಟ್ಟಿಯಲ್ಲಿಟ್ಟುಕೊಂಡು ಬನಶಂಕರಿ ಗುಡಿಯ ಹೊಂಡದ ಪಕ್ಕ ಕೂರುತ್ತಿದ್ದರು. ದೇವರಿಗೆ ಬಂದವರು ಅಲ್ಲೇ ಕೂತು ಉಣ್ಣುತ್ತಿದ್ದರು. ಗುರುತಿನ ಹೆಂಗಸರು ಚಟ್ನಿ ಹಾಕಿಸಿಕೊಳ್ಳುತ್ತಲೇ ಕೇಳುವರು: "ಯಾಕವ್ವಾ, ಇನ್ನಾ ಇಲ್ಲೇ ಅದಿ? ಗಂಡ ಕರ್ಯಾಕ ಬರ್ಲಿಲ್ಲೇನು?" ಅವಳು, "ಬರ್ತಾರ್ರಿ," ಎನ್ನುವಳು.

ಸಂಜೆ ಕಲ್ಲೇಶನ ಫೋನು ಬರುತ್ತಿತ್ತು, ಸಣ್ಣ ತೆರೆಯಲ್ಲಿ ಅವನ ಮುಖ.

"ಏನ್ ಊಟ ಮಾಡಿದ್ರಿ?"

"ರೊಟ್ಟಿ, ಬ್ಯಾಳಿ. ನೀ?"

"ನಾನೂ ಅದ."

ಆಮೇಲೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡಿರುವರು. ಅವನ ಕಡೆಯಿಂದ ಮಗ್ಗದ ಲಟಪಟ ಕೇಳುವುದು, ಇವಳ ಕಡೆಯಿಂದ ಗುಡಿಯ ಗಂಟೆ. ಸುತ್ತ ಮಂದಿ ಇದ್ದಾಗ ಬೇರೆ ಏನು ಮಾತಾಡುವುದು?

ಒಂದು ಸಂಜೆ ಕಲ್ಲೇಶನ ದನಿ ಬೇರೆಯೇ ಇತ್ತು. "ಅನು, ಈ ಐತವಾರ ಬಾ. ಹಳೇ ಸೀರಿ ಉಟ್ಕೊಂಡ ಬಾ, ಕೆಲಸ ಐತಿ," ಎಂದ.

ಹುನಗುಂದದಲ್ಲಿ ಜಾನಕಿಬಾಯಿ ಎಂಬ ನಿವೃತ್ತ ಶಿಕ್ಷಕಿ ಇದ್ದರು. ಅಮೀನಗಡ ದಾಟಿ ಹುನಗುಂದ ಇನ್ನೂ ಬರುವ ಮೊದಲು ರಸ್ತೆಯ ಪಕ್ಕಕ್ಕೆ ಅವರ ಮನೆತನದ ಬರಡು ಹೊಲವೊಂದಿತ್ತು. ಮನೆಯಿಲ್ಲದ ಕುಟುಂಬಗಳನ್ನು ಕೂಡಿಸಿ ಅವರೊಂದು ಸಂಘ ಕಟ್ಟಿ, ಆ ಹೊಲವನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ಕಲ್ಲೇಶನೂ ಅದರಲ್ಲಿ ಹೆಸರು ಬರೆಸಿದ್ದ. ಸಾಮಾನಿನ ಖರ್ಚನ್ನು ಕುಟುಂಬಗಳು ವರ್ಷಗಳ ಮೇಲೆ ಹಂಚಿಕೊಂಡು ತೀರಿಸಬೇಕು. ಮೈಮುರಿಯುವ ಕೆಲಸವನ್ನು ಎಲ್ಲರೂ ಕೂಡಿ ತಾವೇ ಮಾಡಬೇಕು. ಗೋಡೆ ಏರಿಸಲು ಗೌಂಡಿಗಳಿದ್ದರು. ಕಲ್ಲು ಹೊರುವುದು, ಮಣ್ಣಿನ ಇಟ್ಟಂಗಿ ಒತ್ತುವುದು, ಸಿಮೆಂಟು ಕಲಸುವುದು, ಗೋಡೆಗೆ ನೀರು ಹೊಡೆಯುವುದು ಕುಟುಂಬಗಳ ಪಾಲು.

ಆ ಭಾನುವಾರ ಅನುರಾಧಾ ಮಗಳನ್ನು ಕರೆದುಕೊಂಡು ಬದಾಮಿಗೆ ಬಂದು, ಹುನಗುಂದದ ಬಸ್ಸು ಹಿಡಿದು, ಕಂಡಕ್ಟರನಿಗೆ ಹೇಳಿ ಆ ಹೊಲದ ಹತ್ತಿರ ಇಳಿದಳು. ಕಲ್ಲೇಶ ರಸ್ತೆಯ ಬದಿಯಲ್ಲೇ ನಿಂತಿದ್ದ. ತಲೆಗೆ ಟವೆಲು ಸುತ್ತಿದ್ದ. ಬನಶ್ರೀ ಅವ್ವನ ಸೀರೆಯ ಹಿಂದೆ ಅಡಗಿದಳು.

"ಯಾರವ್ವಾ ಅಂವ?" ಎಂದು ಕೇಳಿದಳು.

"ಅಪ್ಪ ಅಲ್ಲೇನ. ಫೋನಿನ್ಯಾಗ ಮಾತಾಡ್ತಾನಲ್ಲ."

ಮಗು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿತು. "ಫೋನಿನ್ಯಾಗಿನ ಅಪ್ಪ ಸಣ್ಣ ಇರ್ತಾನ," ಎಂದಿತು. ಕಲ್ಲೇಶ ನಗಲು ಹೋದ. ನಗು ಪೂರ್ತಿ ಬರಲಿಲ್ಲ.

ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಒಂದೊಂದು ಮನೆಗೆ ಹೊರಖೋಲಿ, ಒಳಖೋಲಿ, ಅಡುಗೆಗೆ ಒಂದು ಮೂಲೆ, ಹಿತ್ತಲಲ್ಲಿ ಬಚ್ಚಲು. ಜಾನಕಿಬಾಯಿ ಕಲ್ಲಿನ ರಾಶಿಯ ಮೇಲೆ ನಿಂತು, ಮಕ್ಕಳಿಗೆ ಪಾಠ ಹೇಳುವ ಧಾಟಿಯಲ್ಲಿ ಹೇಳಿದರು:

"ನೋಡ್ರಿ, ಇಲ್ಲಿ ನನ್ನ ಮನಿ, ನಿನ್ನ ಮನಿ ಅನ್ನೋದು ಇಲ್ಲ. ಎಲ್ಲಾ ಮನಿ ಮುಗಿಯೂ ತನಕಾ ಯಾರೂ ಒಳಗ ಹೋಗೂ ಹಂಗಿಲ್ಲ. ಮುಗದ ಮ್ಯಾಲೆ ಚೀಟಿ ಎತ್ತೋಣ. ಯಾವ ಮನಿ ಯಾರಿಗೆ ಬರ್ತದ ನನಗೂ ಗೊತ್ತಿಲ್ಲ. ಅದಕ್ಕ, ಎಲ್ಲಾನೂ ನಿಮ್ಮ ಮನೀನ ಅಂತ ತಿಳದು ಕಟ್ರಿ."

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬೇರೆಯವರೆಲ್ಲ ಬೇವಿನ ಮರದ ಕೆಳಗೆ ಹೋದರು, ಅವರ ಮಕ್ಕಳ ಹಿಂದೆ ಬನಶ್ರೀಯೂ. ಅನುರಾಧಾ ರೊಟ್ಟಿಯ ಗಂಟು ಹಿಡಿದು ಸುಣ್ಣದ ಗೆರೆಯ ಹತ್ತಿರ ನಿಂತಳು. ಕಾಲೆತ್ತಿ ದಾಟಲಿಲ್ಲ, ಬಾಗಿಲಿಗೆಂದು ಗೆರೆ ಬಿಟ್ಟಿದ್ದ ಸಂದನ್ನು ಹುಡುಕಿ ಅಲ್ಲಿಂದಲೇ ಒಳಗೆ ಹೋದಳು. ಕಲ್ಲೇಶನೂ ಹಾಗೆಯೇ ಹೋದ. ಇಬ್ಬರೂ ಒಳಖೋಲಿಯಲ್ಲಿ ಬಿಸಿಲಿಗೆ ತಲೆ ಕೊಟ್ಟು ಕೂತು ರೊಟ್ಟಿ ಬಿಚ್ಚಿದರು. ಸುತ್ತ ಗೋಡೆಯಿರಲಿಲ್ಲ, ಮೇಲೆ ಮಾಳಿಗೆಯಿರಲಿಲ್ಲ. ಆದರೂ ಅವರಿಬ್ಬರೇ ಕೂತು ಉಂಡದ್ದು ಎಷ್ಟೋ ಕಾಲದ ಮೇಲೆ.

"ಕಿಡಕಿ ಯಾವ ಕಡೆ ಬರ್ತೈತಿ?" ಎಂದಳು.

"ನಿನ್ನ ಬೆನ್ನ ಹಿಂದ."

ಅವಳು ಇಲ್ಲದ ಕಿಟಕಿಯ ಕಡೆ ತಿರುಗಿ ನೋಡಿದಳು. ಸಜ್ಜೆಯ ಹೊಲ, ಅದರಾಚೆ ಕೆಂಪು ಗುಡ್ಡ. "ಚೊಲೋ ಐತಿ," ಎಂದಳು.

ಮುಂದಿನ ಭಾನುವಾರ ಪಕ್ಕದ ಮನೆಯಲ್ಲಿ ಕೂತು ಉಂಡರು. ಅದರ ಮುಂದಿನ ವಾರ ಅದರಾಚೆಯದರಲ್ಲಿ. ಯಾವುದು ತಮ್ಮದೆಂದು ಗೊತ್ತಿಲ್ಲದ ಮೇಲೆ ಎಲ್ಲದರಲ್ಲೂ ಒಂದೊಂದು ದಿನ ಸಂಸಾರ ಮಾಡಿಬಿಟ್ಟರಾಯಿತು ಎಂಬಂತೆ. ಮೂಲೆಯ ಮನೆಯಲ್ಲಿ ಗಾಳಿ ಹೆಚ್ಚು ಎಂದು ಅವಳೆನ್ನುವಳು; ರಸ್ತೆಯ ಕಡೆಯದಾದರೆ ಬಸ್ಸು ಬಂದದ್ದು ಒಳಗಿನಿಂದಲೇ ಕಾಣುತ್ತದೆ ಎಂದು ಅವನು. ಒಂದರಲ್ಲಿ ತೊಟ್ಟಿಲಿಗೆ ಕೊಂಡಿ ಎಲ್ಲಿ ಹಾಕಬೇಕೆಂಬ ಮಾತೂ ಬಂತು. ಬನಶ್ರೀ ತೊಟ್ಟಿಲು ದಾಟಿ ಎಷ್ಟೋ ದಿನವಾಗಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಹುನಗುಂದದ ಸಂತೆಯಲ್ಲಿ ಬಳೆ ಮಾರುವ ರಂಜಾನಬಿಯೂ ಸಂಘದಲ್ಲಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಬುಟ್ಟಿ ಹೊತ್ತು ಸಾಲು ನಿಲ್ಲುವಾಗ ಬೇಕಂತಲೇ ಅನುರಾಧಾಳನ್ನು ಕಲ್ಲೇಶನ ಪಕ್ಕ ನಿಲ್ಲಿಸುವಳು. "ಇವರು ಮನಿ ಕಟ್ಟಾಕ ಬರ್ತಾರೋ, ಮಾತಾಡಾಕ ಬರ್ತಾರೋ ಒಂದೂ ತಿಳಿವಲ್ದು ನೋಡ್ರಿ ಬಾಯಾರ," ಎಂದು ಜಾನಕಿಬಾಯಿಗೆ ಕೇಳುವಂತೆ ಕೂಗುವಳು. ಅನುರಾಧಾ ಮುಖ ತಗ್ಗಿಸಿ ನಗುವಳು. ಸಿಮೆಂಟಿಗೆ ಅವಳ ಅಂಗೈ ಸುಲಿದು, ಸೋಮವಾರ ರೊಟ್ಟಿ ಬಡಿಯುವಾಗ ಉರಿಯುತ್ತಿತ್ತು. ಆ ಉರಿಯಲ್ಲಿ ಭಾನುವಾರ ಇನ್ನೂ ಕೈಯಲ್ಲಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಸಂಜೆಯ ಬಸ್ಸು ಮಾತ್ರ ಅವಳಿಗೆ ಶತ್ರು. ಅದು ತಡವಾಗಿ ಬಂದ ದಿನ ಇಬ್ಬರಿಗೂ ಹಬ್ಬ. ಬನಶ್ರೀ ಈಗ ಅವನ ಹೆಗಲೇರುತ್ತಿದ್ದಳು. ಬಸ್ಸು ಹೊರಟಾಗ ಕಿಟಕಿಯಿಂದ, "ಅಪ್ಪಾ, ನೀನೂ ಬಾರೋ, ಜಾಗಾ ಐತಿ!" ಎಂದು ಸೀಟು ತಟ್ಟುವಳು. ಬಸ್ಸಿನಲ್ಲಿದ್ದವರು ನಗುವರು. ಕಲ್ಲೇಶ ಧೂಳಿನಲ್ಲಿ ನಿಂತು ಕೈ ಬೀಸುವನು.

ಒಂದು ಮಳೆಗಾಲ ಹೋಯಿತು, ಒಂದು ಬೇಸಿಗೆ ಬಂದು ನೀರಿಗೆ ಟ್ಯಾಂಕರು ಕಾಯುವಂತಾಯಿತು. ಗೋಡೆಗಳು ಸೊಂಟಕ್ಕೆ ಬಂದವು, ಎದೆಗೆ ಬಂದವು, ಬಾಗಿಲ ಚೌಕಟ್ಟುಗಳು ನಿಂತವು. ಮೇಲೆ ಸ್ಲ್ಯಾಬು ಬೀಳತೊಡಗಿದಾಗ ಒಳಖೋಲಿಗೆ ಮೊದಲ ಸಲ ನೆರಳು ಬಂತು. ಅಂಥ ಒಂದು ನೆರಳಿನಲ್ಲಿ ಕೂತು ಉಣ್ಣುತ್ತಿದ್ದಾಗ ಕಲ್ಲೇಶ ಒಂದು ತುತ್ತನ್ನು ಬಹಳ ಹೊತ್ತು ಅಗಿದ.

"ಏನಾತ್ರಿ?"

"ಅಪ್ಪ ಮಗ್ಗ ತರ್ತೇನಿ ಅನ್ನಾಕತ್ತಾನ."

ಅವಳಿಗೆ ಕೂಡಲೇ ತಿಳಿಯಲಿಲ್ಲ. "ಎಲ್ಲಿಗೆ?"

"ಇಲ್ಲಿಗೆ. ಹೊರಖೋಲ್ಯಾಗ ತೆಗ್ಗು ತೋಡ್ಸೂನು ಅಂತಾನ. ಆ ಮನಿ ಅಣ್ಣಗ ಇರ್ಲಿ, ನಾನು ನಿಮ್ಮವ್ವ ಹೊಸಾ ಮನಿಗೆ ಬರ್ತೇವಿ ಅಂತ. ಓಣಿ ತುಂಬ ಹೇಳ್ಕೊಂತ ಅಡ್ಡ್ಯಾಡಾಕತ್ತಾನ."

"ನೀವು ಏನಂದ್ರಿ?"

"ಏನಂತ ಅನ್ಲಿ ಅನು? ಬರಬ್ಯಾಡ್ರಿ ಅಂತ ಹಡದವರಿಗೆ ಹ್ಯಾಂಗ ಅನ್ಲಿ?"

ಅನುರಾಧಾ ಹೊರಖೋಲಿಯ ಕಡೆ ನೋಡಿದಳು. ಬರಿಯ ನೆಲ. ಅದರ ಮೇಲೆ ಅವಳ ಕಣ್ಣಿಗೆ ಮಗ್ಗ ಕಂಡಿತು, ಅದರ ಸುತ್ತ ನೂಲಿನ ಉಂಡೆಗಳು, ಸುತ್ತಿಟ್ಟ ಹಾಸಿಗೆಗಳು, ಒಳಗೆ ಅತ್ತೆಯ ಮಗ್ಗುಲಲ್ಲಿ ಮಲಗಿದ ತಾನು, ಹೊರಗೆ ಕಟ್ಟೆಯ ಮೇಲೆ ಗಂಡ. ತಪ್ಪು ಯಾರದೂ ಅಲ್ಲ. ಮಾವ ತನ್ನ ಮಗನ ಮನೆಗೆ ತಾನೇ ಬರುತ್ತೇನೆ ಅಂದದ್ದು. ರೊಟ್ಟಿಯನ್ನು ಅರ್ಧಕ್ಕೇ ಮಡಚಿ ಬಟ್ಟೆಯಲ್ಲಿ ಕಟ್ಟಿದಳು. ಅಂದು ಬಸ್ಸು ಬೇಗ ಬಂತು, ಅವಳು ತಿರುಗಿ ನೋಡಲಿಲ್ಲ.

ಮುಂದಿನ ವಾರ ಅವಳು ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಅವ್ವ ಹಿಟ್ಟು ನಾದುತ್ತ, "ಅತ್ತಿ ಮಾವನ್ನ ಬ್ಯಾಡ ಅಂದಾಕಿ ಅಂತ ಹೆಸರ ತಗೋಬ್ಯಾಡವ್ವಾ. ಎಲ್ಲಾರೂ ಹಂಗ ಬಾಳೇ ಮಾಡ್ಯಾರ," ಎಂದಳು. ಅನುರಾಧಾ ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. ಭಾನುವಾರ ಮಧ್ಯಾಹ್ನ ಹೊಂಡದ ಮೆಟ್ಟಿಲ ಮೇಲೆ ಕೂತಾಗ ಕೈ ತಾನಾಗಿ ಸಿಮೆಂಟಿನ ಬುಟ್ಟಿ ಹುಡುಕುತ್ತಿತ್ತು. ಮಗಳು ಬಸ್ಸು ಕಂಡಾಗಲೆಲ್ಲ, "ನಾವ್ಯಾಕ ಹೋಗಲಿಲ್ಲ?" ಎನ್ನುತ್ತಿದ್ದಳು.

ಎರಡನೇ ಭಾನುವಾರದ ಸಂಜೆ ರಂಜಾನಬಿ ಫೋನು ಮಾಡಿದಳು. "ನಿನ್ನ ಪಾಲಿಂದು ನೀರು ನಾ ಹೊಡದೇನಿ, ಅದರ ಚಿಂತಿ ಬಿಡು. ಆದ್ರ ಈ ಸಲ ಬಾ. ನಿನ್ನ ಗಂಡ ಊಟದ ಹೊತ್ತಿನ್ಯಾಗ ಎಲ್ಲಿ ಕುಂಡ್ರಬೇಕಂತ ತಿಳೀದ ಮನಿ ಮನಿ ತಿರಗ್ತಾನವಾ. ನೋಡಾಕ ಆಗೂದಿಲ್ಲ."

ಅನುರಾಧಾ ಹೋದಳು. ಬಸ್ಸಿಳಿದು ನೋಡಿದರೆ, ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತು ಬುಟ್ಟಿ ಕೈ ಬದಲಿಸುತ್ತಿದ್ದವಳು ಅತ್ತೆ ತಾಯವ್ವ. ಇಳಕಲ್ ಸೀರೆಯ ಕಚ್ಚೆ ಹಾಕಿ, ಸೆರಗು ಸಿಕ್ಕಿಸಿ, ತಲೆಗೆ ಸಿಂಬಿ ಇಟ್ಟಿದ್ದಳು.

"ನೀವ್ಯಾಕ ಬಂದ್ರಿ ಅತ್ತಿ?"

"ನೀ ಬಂದಿದ್ದಿಲ್ಲಂತಲ್ಲ. ಪಾಲಿನ ಕೆಲಸ ಬಾಕಿ ಉಳೀಬಾರ್ದು." ಅಷ್ಟೇ ಹೇಳಿ ಬುಟ್ಟಿಯನ್ನು ಅವಳ ಕೈಗೆ ದಾಟಿಸಿದಳು. ಇಬ್ಬರೂ ಮಧ್ಯಾಹ್ನದವರೆಗೆ ಅಕ್ಕಪಕ್ಕ ನಿಂತು ಕೆಲಸ ಮಾಡಿದರು. ಕಲ್ಲೇಶ ಮೇಲೆ ಸ್ಲ್ಯಾಬಿನ ಹತ್ತಿರ ಇದ್ದ. ಹೆಂಡತಿಯನ್ನು ಕಂಡು ಅವನ ಮುಖ ಅರಳಿದ್ದನ್ನು ತಾಯವ್ವ ಕೆಳಗಿನಿಂದ ನೋಡಿದಳು. ಮಗನ ಮುಖದಲ್ಲಿ ಅಂಥದ್ದೊಂದು ಬೆಳಕನ್ನು ಅವಳು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಹನಿಗಣ್ಣಾಗಿ, ಸೆರಗಿನಿಂದ ಬೆವರು ಒರೆಸಿದಂತೆ ಮಾಡಿದಳು.

ಊಟದ ಹೊತ್ತಿಗೆ ಕಲ್ಲೇಶ ಮಗಳನ್ನು ಎತ್ತಿಕೊಂಡು ನೀರು ತರಲು ಹೋದ. ತಾಯವ್ವ ಒಂದೊಂದೇ ಮನೆ ಹೊಕ್ಕು ನೋಡುತ್ತಿದ್ದಳು. ಗೋಡೆ ಸವರುವಳು, ಕಿಟಕಿಯ ಹತ್ತಿರ ನಿಲ್ಲುವಳು, ಬಾಗಿಲಿನಿಂದ ಹೊರಬಂದು ಮತ್ತೆ ಒಳಗೆ ಹೋಗುವಳು. ಕೊನೆಗೆ ಒಂದು ಒಳಖೋಲಿಯಲ್ಲಿ ಕೂತಳು. ಅನುರಾಧಾ ಎದುರಿಗೆ ಕೂತು ರೊಟ್ಟಿ ಬಡಿಸಿದಳು.

"ನಾ ಲಗ್ನಾಗಿ ಬಂದಾಗ ಆ ಮನ್ಯಾಗ ಮಗ್ಗ ಆಗ್ಲೇ ಇತ್ತು," ಎಂದಳು ತಾಯವ್ವ. "ಅದ ಆ ಮನೀ ಮೊದಲ್ನೇ ಸೊಸಿ. ನಾ ಎರಡ್ನೇದಾಕಿ. ಅದಕ್ಕೊಂದು ಜಾಗಾ ಇತ್ತು, ನನಗಿದ್ದಿಲ್ಲ. ನಿಮ್ಮ ಮಾವ ಕೆಟ್ಟವ ಅಲ್ಲ. ಆದ್ರ ಅವನ ಜೋಡಿ ನಾ ಒಂದಿನ ಹಿಂಗ ಎದುರಾಬದುರ ಕುಂತು ಉಂಡಿಲ್ಲ ನೋಡು. ನಮ್ಮತ್ತಿ, ಮಾವ, ನಾದಿನಿಯರು... ಆಮ್ಯಾಲೆ ಮಕ್ಕಳು, ಸೊಸೆಂದ್ರು. ಆಯುಷ್ಯನ ಹ್ವಾತು."

ಅನುರಾಧಾ ತಟ್ಟೆಯ ಅಂಚು ಹಿಡಿದು ಕೂತಳು. ತಾಯವ್ವ ನೇರವಾಗಿ ಕೇಳಿದಳು: "ಅನು, ಖರೆ ಹೇಳು. ನಾವು ಬಂದ್ರ ನಿನಗ ತ್ರಾಸ ಆಗ್ತೈತೇನು?"

ಇಲ್ಲ ಅತ್ತಿ, ಹಂಗ್ಯಾಕ ಅಂತೀರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊಂಡದ ಹತ್ತಿರ ಕೇಳಿದವರಿಗೆಲ್ಲ "ಬರ್ತಾರ್ರಿ" ಎಂದು ಹೇಳಿ ಹೇಳಿ ಅವಳಿಗೆ ಅಂಥ ಮಾತು ಸಲೀಸಾಗಿತ್ತು. ಆದರೆ ಈ ನೆರಳಿನಲ್ಲಿ ಕೂತು ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

"ಆಗ್ತೈತ್ರಿ ಅತ್ತಿ," ಎಂದಳು. "ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ನನಗ ಇವರ ಜೋಡಿ ಇರಬೇಕು ಅನ್ನೂ ಆಸೆ ಭಾಳ ಐತಿ. ನಾಕು ದಿನ ಆದ್ರೂ ಗಂಡ ಹೆಂಡ್ತಿ, ಕೂಸು, ಇಷ್ಟ ಮಂದಿ ಇರಬೇಕು ಅಂತ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ತಾಯವ್ವ ರೊಟ್ಟಿ ಮುಗಿಸಿದಳು, ಕೈ ತೊಳೆದಳು, ಸಿಂಬಿ ಸರಿಮಾಡಿಕೊಂಡು ಮತ್ತೆ ಸಾಲಿಗೆ ಹೋಗಿ ನಿಂತಳು. ಸಂಜೆ ಇಳಕಲ್ಲಿನ ಬಸ್ಸು ಹತ್ತುವಾಗ ಮೊಮ್ಮಗಳ ಕೆನ್ನೆ ಹಿಂಡಿ, ಸೊಸೆಯ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಕೈ ಭಾರವಾಗಿತ್ತು. ಆಶೀರ್ವಾದವೋ, ನೋವೋ ಅನುರಾಧಾಳಿಗೆ ತಿಳಿಯಲಿಲ್ಲ. ಆ ವಾರವೆಲ್ಲ ಅವಳು ತನ್ನ ಮಾತನ್ನೇ ನೆನೆದು ಒಮ್ಮೆ ಹಗುರಾದಳು, ಒಮ್ಮೆ ಕುಸಿದಳು.

ಇಳಕಲ್ಲಿನ ಮನೆಯಲ್ಲಿ ನಡೆದದ್ದನ್ನು ಆಮೇಲೆ ಕಲ್ಲೇಶ ಹೇಳಿದ. ತಿಮ್ಮಣ್ಣ ಮಗ್ಗದಲ್ಲಿ ಕೂತಿದ್ದಾಗ ತಾಯವ್ವ ಎದುರು ಬಂದು ನಿಂತು, "ಮಗ್ಗ ಎಲ್ಲೂ ಹೋಗೂದಿಲ್ಲ. ನಾವೂ ಎಲ್ಲೂ ಹೋಗೂದಿಲ್ಲ," ಎಂದಳಂತೆ. ಸೊಸೆ ಹೀಗೆಂದಳು ಎಂದು ಹೇಳಲಿಲ್ಲ. ತನಗೇ ಮನಸ್ಸಿಲ್ಲ ಎಂದಳು. ತಿಮ್ಮಣ್ಣ ಹೆಡ್ಡನಲ್ಲ. ಓಣಿ ತುಂಬ ಹೇಳಿಕೊಂಡು ಬಂದ ಮಾತಿಗೆ ಈಗ ಅವನೇ ತಲೆ ತಗ್ಗಿಸಬೇಕಿತ್ತು. ಅಂದಿನಿಂದ ಕಲ್ಲೇಶನ ಜೊತೆ ಮಾತು ಬಿಟ್ಟ. ನೀರು ಬೇಕಾದರೂ ಮೊಮ್ಮಕ್ಕಳ ಕೈಯಲ್ಲಿ ಹೇಳಿಸುತ್ತಿದ್ದ.

ಶ್ರಾವಣದ ಹೊತ್ತಿಗೆ ಎಲ್ಲ ಮನೆಗಳೂ ಮುಗಿದವು. ಹೆಂಗಸರೇ ಚೀಟಿ ಎತ್ತಬೇಕು, ಮನೆ ಅವರ ಹೆಸರಿನಲ್ಲೇ ಆಗಬೇಕು ಎಂದು ಜಾನಕಿಬಾಯಿ ಮೊದಲೇ ಹೇಳಿದ್ದರು. ಅನುರಾಧಾಳಿಗೆ ನಡುವಿನದೊಂದು ಮನೆ ಬಂತು. ಗಾಳಿಯ ಮೂಲೆಯೂ ಅಲ್ಲ, ಬಸ್ಸು ಕಾಣುವ ರಸ್ತೆಯ ಕಡೆಯದೂ ಅಲ್ಲ. ಎದುರಿನದು ರಂಜಾನಬಿಗೆ. "ಇನ್ನ ನಿನ್ನ ಕಾಟ ನನಗ ಜನ್ಮಕ್ಕೂ ತಪ್ಪಲಿಲ್ಲ," ಎಂದು ರಂಜಾನಬಿ ಅವಳನ್ನು ತಬ್ಬಿಕೊಂಡು ಅತ್ತಳು.

ಹಾಲು ಉಕ್ಕಿಸುವ ದಿನ ತಿಮ್ಮಣ್ಣ ಬರಲಿಲ್ಲ. ತಾಯವ್ವ ಬಂದಳು. ಹೂರಣ ರುಬ್ಬಿದಳು, ಹೋಳಿಗೆ ಮಾಡಿದಳು, ಬಂದವರಿಗೆಲ್ಲ ತಾನೇ ಮುಂದೆ ನಿಂತು ಬಡಿಸಿದಳು. ಇಳಿಹೊತ್ತಿಗೆ ಮಂದಿ ಕರಗಿದಾಗ ಸೊಸೆಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು:

"ಅನು, ಒಳಖೋಲ್ಯಾಗ ನಾ ಒಬ್ಬಾಕೀನ ಒಂದೀಟು ಕುಂಡ್ರಲೇನು? ಬಾಗ್ಲಾ ಹಾಕ್ಕೊಂಡು?"

"ಕೇಳ್ತೀರೇನ್ರಿ ಅತ್ತಿ? ಕುಂಡ್ರ್ರಿ."

ತಾಯವ್ವ ಒಳಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿ ಚಿಲಕ ಹಾಕಿದಳು. ಅನುರಾಧಾ ಪಾತ್ರೆ ತೊಳೆಯುತ್ತ ಕಿವಿಗೊಟ್ಟಳು. ಅಳುವಿನ ಸದ್ದಿಲ್ಲ, ಓಡಾಟದ ಸದ್ದಿಲ್ಲ. ಬನಶ್ರೀ ಹೋಗಿ ಬಾಗಿಲು ಬಡಿಯಲು ನೋಡಿದಾಗ ಕಲ್ಲೇಶ ಎತ್ತಿಕೊಂಡು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಚಿಲಕ ಸರಿದ ಸದ್ದಾಯಿತು. ತಾಯವ್ವ ಹೊರಗೆ ಬಂದಳು. ಮುಖ ತೊಳೆದಷ್ಟು ತಿಳಿಯಾಗಿತ್ತು.

"ಎಷ್ಟ ಸುಮ್ಮಕ ಇರ್ತೈತಿ," ಎಂದಳು. "ಹೋಗ್ತೇನವ್ವಾ ಇನ್ನ. ನಿಮ್ಮ ಮಾವಗ ರೊಟ್ಟಿ ಬಡೀಬೇಕು."

"ಇವತ್ತೊಂದಿನ ಇರ್ರಿ ಅತ್ತಿ."

"ಬ್ಯಾಡ. ಇವತ್ತು ನಿಮ್ಮದು."

ಬಸ್ಸು ಮರೆಯಾಗುವವರೆಗೂ ಗಂಡ ಹೆಂಡತಿ ರಸ್ತೆಯಲ್ಲಿ ನಿಂತಿದ್ದರು. ಮನೆಗೆ ಬಂದು, ಎಷ್ಟೋ ವರ್ಷದಿಂದ ಬಯಸಿದಂತೆ, ಮೂವರೇ ಕೂತು ಉಂಡರು. ಮಗ್ಗದ ಸದ್ದಿರಲಿಲ್ಲ. ಕಲ್ಲೇಶ ಅವಳ ಕೈ ಹಿಡಿದುಕೊಂಡ. ಅವಳು ಸುಖವಾಗಿದ್ದಳು, ಸುಳ್ಳಲ್ಲ. ಮುಂಜಾನೆ ಎದ್ದು ಅವನಿಗೆ ಬುತ್ತಿ ಕಟ್ಟುವುದು, ಸಂಜೆ ಅವನ ಚಪ್ಪಲಿಯ ಸದ್ದಿಗೆ ಮಗಳು ಓಡುವುದು, ಎಲ್ಲವೂ ಅವಳು ಎಣಿಸಿದಂತೆಯೇ ಇತ್ತು. ಆದರೆ ಒಳಖೋಲಿಯ ಬಾಗಿಲು ಹಾಕಿದಾಗಲೆಲ್ಲ, ಅದರ ಹಿಂದೆ ಸುಮ್ಮನೆ ಕೂತ ಅತ್ತೆ ನೆನಪಾಗುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಜಾನಕಿಬಾಯಿ ಹೊಲದ ಕೆಳಬದಿಯಲ್ಲಿ ಇನ್ನೊಂದು ಗುಂಪಿಗೆ ಗೆರೆ ಹಾಕಿಸುತ್ತಾರೆಂಬ ಸುದ್ದಿ ಬಂತು. ಅನುರಾಧಾ ಅಂದೇ ಅವರ ಮನೆಗೆ ಹೋದಳು.

"ಬಾಯಾರ, ವಯಸ್ಸಾದವರಿಗೂ ಕೊಡ್ತೀರೇನ್ರಿ?"

"ಮನಿ ಇಲ್ಲದವರಿಗೆ ಕೊಡೋದು. ವಯಸ್ಸು ಯಾರು ಕೇಳ್ತಾರ? ಆದ್ರ ಕೆಲಸಾ ಯಾರು ಮಾಡ್ತಾರ ಅವರ ಪಾಲಿಂದು?"

"ನಾನು, ನಮ್ಮನಿಯವರು ಮಾಡ್ತೇವ್ರಿ. ಮಗ್ಗಕ್ಕ ಒಂದು ತೆಗ್ಗು ತೋಡ್ಸಾಕ ನಡೀತೈತ್ಲಾ?"

ಜಾನಕಿಬಾಯಿ ಕನ್ನಡಕ ತೆಗೆದು ಅವಳನ್ನು ನೋಡಿದರು. "ಇನ್ನೂ ಒಂದೂವರಿ ವರ್ಷ ಐತವಾರ ಹೋಗ್ತಾವವಾ ನಿಂದು. ಈಗರೆ ಕೈ ಮೆತ್ತಗಾಗ್ಲಿಕ್ಕೆ ಹತ್ತ್ಯಾವ."

"ಹೋಗ್ಲಿ ಬಿಡ್ರಿ," ಎಂದಳು ಅನುರಾಧಾ.

ಇಳಕಲ್ಲಿಗೆ ಹೋಗಿ ಸುದ್ದಿ ಹೇಳಿದಾಗ ತಿಮ್ಮಣ್ಣ ತಲೆ ಎತ್ತಲಿಲ್ಲ. "ನನಗ ಯಾರ ಮನೀನೂ ಬ್ಯಾಡ," ಎಂದು ಮಗ್ಗದ ಲಾಳಿ ಎಸೆದ. ಅನುರಾಧಾ ನೆಲದ ಮೇಲೆ ಕೂತು, "ಮಾವ, ಯಾರ ಮನೀನೂ ಅಲ್ರಿ. ನಿಮ್ಮದ," ಎಂದಳು. ಲಾಳಿ ಅತ್ತಿಂದಿತ್ತ ಓಡಿತು. ತಾಯವ್ವ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಳು. ಸೊಸೆಯನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದವಳು ದಾರಿಯುದ್ದಕ್ಕೂ ಅವಳ ಮುಂಗೈ ಬಿಡಲಿಲ್ಲ. "ನನ್ನ ಹೆಸರು ಹಚ್ಚು," ಎಂದಳು ಕೊನೆಗೆ. "ಅಂವ ಬರ್ಲಿ ಬಿಡ್ಲಿ."

ಈಗ ತಾಯವ್ವ ಶನಿವಾರ ಸಂಜೆ ಬಂದು ಮಗನ ಮನೆಯ ಒಳಖೋಲಿಯಲ್ಲಿ ಮಲಗುತ್ತಾಳೆ. ಬನಶ್ರೀಗೆ ಅಜ್ಜಿಯ ಮಗ್ಗುಲೇ ಬೇಕು. ಭಾನುವಾರ ಅತ್ತೆ, ಮಗ, ಸೊಸೆ ಮೂವರೂ ಕೆಳಬದಿಯ ಹೊಲಕ್ಕೆ ಇಳಿಯುತ್ತಾರೆ. ರಂಜಾನಬಿ ತನ್ನ ಪಾಲು ಮುಗಿದಿದ್ದರೂ ಹೊತ್ತು ಸಿಕ್ಕಾಗ ಬರುತ್ತಾಳೆ. ಪಾಯ ತುಂಬಿದೆ, ಗೋಡೆ ಮೊಣಕಾಲಿಗೆ ಬಂದಿದೆ. ತಿಮ್ಮಣ್ಣ ಇನ್ನೂ ಬಂದಿಲ್ಲ. ಆದರೆ ಹೋದ ವಾರ ತಾಯವ್ವ ಮನೆಗೆ ಹೋದಾಗ, ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ, "ಅಲ್ಲಿ ನೆಲ ಹ್ಯಾಂಗೈತಿ, ತೆಗ್ಗು ತೋಡಿದ್ರ ನೀರ ಬರ್ತಾವೇನು?" ಎಂದು ಕೇಳಿದನಂತೆ. ಇಲ್ಲ, ಗಟ್ಟಿ ಮೊರಮು ಐತಿ ಎಂದು ಇವಳು ಹೇಳಿದಳಂತೆ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡನಂತೆ.

ಅದನ್ನು ಹೇಳುವಾಗ ತಾಯವ್ವ ಹೊಸ ಮದುವಣಗಿತ್ತಿಯ ಹಾಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕವಳು ಹಾಗೆಯೇ ರಸ್ತೆಯ ಕಡೆ ತಿರುಗಿದಳು. ಇಳಕಲ್ಲಿನ ಬಸ್ಸು ಬಂದು ನಿಂತಿತ್ತು. ಚೀಲ ಹಿಡಿದ ಒಬ್ಬ ಹೆಂಗಸು ಇಳಿದಳು, ಅವಳ ಹಿಂದೆ ಟೊಪ್ಪಿಗೆ ಹಾಕಿದ ಮುದುಕನೊಬ್ಬ. ತಾಯವ್ವ ಹಣೆಗೆ ಕೈ ಹಚ್ಚಿ, ಕಣ್ಣು ಕಿರಿದು ಮಾಡಿ ನೋಡಿದಳು. ಅವನಲ್ಲ. ಮುದುಕ ಸಜ್ಜೆಯ ಹೊಲದ ದಾರಿ ಹಿಡಿದು ಹೋದ. ಬಸ್ಸು ಧೂಳೆಬ್ಬಿಸಿ ಹೊರಟಿತು.

"ಬರ್ತಾನ," ಎಂದಳು ತಾಯವ್ವ, ಯಾರಿಗೆಂದಿಲ್ಲದೆ. "ಅವನ ಹಟಾನೂ ಭಾಳ, ಆಸೇನೂ ಭಾಳ."

ಅನುರಾಧಾ ಸಿಮೆಂಟಿನ ಬುಟ್ಟಿ ಎತ್ತಿ ಅವಳ ಕಡೆ ಚಾಚಿದಳು. ತಾಯವ್ವ ರಸ್ತೆಯಿಂದ ಕಣ್ಣು ತೆಗೆಯದೆಯೇ ಕೈ ಮುಂದೆ ಮಾಡಿ ಅದನ್ನು ಹಿಡಿದುಕೊಂಡಳು.